ಜೋಳ ತಿಂದ ಮೊಲ

ಮೊನ್ನೆ ಮೊಮ್ಮಗಳು ರಾಯಚೂರಿನ ನಮ್ಮ ಮನೆಗೆ ಒಂದು ಮೊಲ ತಂದಳು. ಜೊತೆಗೆ ಅದರ ತಿನಿಸಿನ ಚೀಲ, ಚೀಲದ ಮೇಲೆ ನಗುವ ಮೊಲದ ಚಿತ್ರ. ನನಗೋ ಏನು ಬಂದರೂ ಮೂಸಿ ನೋಡುವ ಹಾಳು ಚಾಳಿ. ಮೂಗಿಟ್ಟರೆ ತೊಗರಿ ಹೊಟ್ಟು, ಹಿಂಡಿ. ಥೇಟ್ ನಮ್ಮತ್ತೆ ಹುಲಿಗೆಮ್ಮನ ಬುಟ್ಟಿಯ ವಾಸನೆ.

ನೀವು ನಂಬಲಿಕ್ಕಿಲ್ಲ, ಇದೇ ಹೊಟ್ಟಿನಿಂದ ನಾವು ಒಮ್ಮೆ ಸರ್ಕಾರವನ್ನು ಸೋಲಿಸಿದ್ದೇವೆ. ಸರ್ಕಾರ ಎಂದರೆ ಕಂದಾಯದ ಒಬ್ಬ ಗಿರ್ದಾವರ ಸಾಹೇಬ, ಅಷ್ಟೇ. ಹೇಳುವಾಗ ಸ್ವಲ್ಪ ಉಪ್ಪುಖಾರ ಹಚ್ಚುವುದು ನನ್ನ ಸ್ವಭಾವ, ಸಹಿಸಿಕೊಳ್ಳಿ.

ಮಹಾಯುದ್ಧದ ಕಾಲ ಅದು. ಕುರ್ಡಿಯ ಹುಡುಗಿ ನಾನು, ಮಾನ್ವಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬೆಳೆದ ಜೋಳದಲ್ಲಿ ಇಷ್ಟು ಲೆವಿ ಅಂತ ಸರ್ಕಾರಕ್ಕೆ ಅಳೆದುಕೊಟ್ಟು, ಉಳಿದದ್ದರಲ್ಲಿ ಮುಂದಿನ ಸುಗ್ಗಿಯವರೆಗೆ ಬದುಕಬೇಕು. ಅಂಥದರಲ್ಲಿ ಅತ್ತೆ ಮೊಲ ಸಾಕಿದ್ದಳು. ಅವಳ ತಮ್ಮ ದೇವದುರ್ಗದಿಂದ ಒಂದು ಜೋಡಿ ತಂದುಕೊಟ್ಟಿದ್ದ. ಅವು ಆರು ಮರಿ ಹಾಕಿದ್ದವು. ಒಕ್ಕಿದ ಮೇಲೆ ಕಣದಲ್ಲಿ ಉಳಿದ ತೊಗರಿ ಹೊಟ್ಟು, ಶೇಂಗಾ ಬಳ್ಳಿ, ಗಾಣದವರು ಕೊಟ್ಟ ಒಂದು ಹಿಡಿ ಕುಸುಬಿ ಹಿಂಡಿ, ಇಷ್ಟೇ ಅವುಗಳ ಊಟ. ಅಷ್ಟರಲ್ಲೇ ಮರಿಗಳು ದುಂಡಗಾದವು.

ನನಗೆ ಆ ಹೊಸ ಮನೆಯಲ್ಲಿ ಮಾತಾಡಿಸುವವರೇ ಇರಲಿಲ್ಲ. ಗಂಡ ಮಾತು ಕಮ್ಮಿ, ಅತ್ತೆ ಬೈಗುಳ ಜಾಸ್ತಿ. ಹಾಗಾಗಿ ಕರಿಕಿವಿಯ ಒಂದು ಮರಿಯನ್ನು ಹಚ್ಚಿಕೊಂಡೆ. ಪಾಪ, ಹೊಟ್ಟು ತಿನ್ನುತ್ತದಲ್ಲ ಎಂದು ನನಗೆ ಸಂಕಟ. ಬೀಸುವಾಗ ದಿನಾ ಒಂದು ಹಿಡಿ ಜೋಳ ಸೆರಗಿಗೆ ಹಾಕಿಕೊಂಡು ಅದಕ್ಕೆ ತಿನ್ನಿಸುತ್ತಿದ್ದೆ. ಗೊತ್ತಾಗಬಾರದೆಂದು ನಾನೇ ಒಂದು ರೊಟ್ಟಿ ಕಡಿಮೆ ತಿನ್ನುತ್ತಿದ್ದೆ. ಎರಡು ತಿಂಗಳು ಈ ಕಳ್ಳತನ ನಡೆಯಿತು.

ಆಗ ಬಂದ ನೋಡಿ ಗಿರ್ದಾವರ ಸಾಹೇಬ, ತಕ್ಕಡಿ ಹೊತ್ತ ಜವಾನನ ಜೊತೆ. ಅಂಗಳದಲ್ಲಿ ಮೊಲಗಳನ್ನು ಕಂಡು ನಿಂತ.

"ಮಂದೀಗೇ ಉಣ್ಣಾಕಿಲ್ಲ, ನಿಮ್ಮ ಮೊಲ ಇಷ್ಟು ದಪ್ಪ ಹ್ಯಾಂಗಾದ್ವು? ಜ್ವಾಳ ಹಾಕಾಕತ್ತೀರಿ. ಅಂದ್ರ ನಿಮ್ಮಲ್ಲಿ ಹೆಚ್ಚಿಗಿ ಅದ. ಇನ್ನೆರಡು ಚೀಲ ತುಂಬ್ರಿ."

ಎರಡು ಚೀಲ ಹೋದರೆ ಸುಗ್ಗಿಗೆ ಮುಂಚಿನ ಮೂರು ತಿಂಗಳು ನಮಗೆ ಉಪವಾಸವೇ ಗತಿ.

"ಒಂದು ಕಾಳು ಹಾಕಿಲ್ರೀ ಸಾಹೇಬ್ರ," ಅಂದಳು ಅತ್ತೆ. "ಬೇಕಾದ್ರ ಜ್ವಾಳ ಮುಂದಿಟ್ಟು ನೋಡ್ರಿ. ಇವಕ್ಕ ಅದರ ರುಚಿನೇ ಗೊತ್ತಿಲ್ಲ."

ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಸಾಹೇಬ ಒಂದು ಹಿಡಿ ಜೋಳ ಚೆಲ್ಲಿದ. ಐದು ಮರಿಗಳು ಮೂಸಿ, ಮುಖ ತಿರುವಿ, ಹೊಟ್ಟಿನ ಕಡೆಗೇ ಹೋದವು. ನನ್ನ ಕರಿಕಿವಿ ಮಾತ್ರ ಓಡಿಬಂದು ಕಟಕಟ ಕಡಿಯತೊಡಗಿತು.

"ತುಂಬ್ರಿ ಚೀಲ," ಅಂದ ಸಾಹೇಬ.

ಗಂಡಸರ ಮುಂದೆ ಸೊಸೆ ಬಾಯಿ ಬಿಡುವ ಕಾಲವಲ್ಲ ಅದು. ಆದರೂ ಬಾಗಿಲ ಸಂದಿಯಿಂದ ಅಂಗಳಕ್ಕೆ ಬಂದೆ. "ನಾನು ಹಾಕೀನ್ರಿ. ಅದೊಂದಕ್ಕ, ನನ್ನ ಪಾಲಿಂದು. ನಮ್ಮ ಅತ್ತೀಗೆ ಗೊತ್ತಿಲ್ರೀ."

ಅತ್ತೆ ನನ್ನನ್ನು ನೋಡಿದ ನೋಟ ಇಂದಿಗೂ ನೆನಪಿದೆ. ಇವತ್ತು ತವರಿಗೆ ಅಟ್ಟುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. ಕರಿಕಿವಿಯನ್ನು ಎತ್ತಿ ಕೈಯಲ್ಲೇ ತೂಗಿದಳು, ಅದರ ಉಬ್ಬಿದ ಹೊಟ್ಟೆ ಸವರಿದಳು, ಬಡಕಲು ಬೆನ್ನು ಮುಟ್ಟಿದಳು. ಆಮೇಲೆ ಸಾಹೇಬನ ಕಡೆ ತಿರುಗಿದಳು.

"ಆರೂ ಒಂದೇ ತಾಯಿ ಮಕ್ಕಳ್ರಿ. ಜ್ವಾಳ ತಿಂದದ್ದು ಒಂದು ಕಡಿ, ಹೊಟ್ಟು ತಿಂದದ್ದು ಒಂದು ಕಡಿ, ನೀವಾ ತೂಗ್ರಿ. ಜ್ವಾಳದಿಂದ ದಪ್ಪ ಆಗೂದಿದ್ರ ಇದರ ಪರಡಿ ಕೆಳಗ ಹೋಗಬೇಕಲ್ಲ?"

ಮೊಲಗಳನ್ನು ಬಟ್ಟೆಯಲ್ಲಿ ಸುತ್ತಿ ತೂಗಿದರು. ಕರಿಕಿವಿ ಕೂತ ಪರಡಿ, ಅಂದರೆ ತಕ್ಕಡಿಯ ತಟ್ಟೆ, ಮೇಲೆ ಹೋಯಿತು. ಎರಡನೆಯದರ ಎದುರು, ಮೂರನೆಯದರ ಎದುರು, ಐದೂ ಸಲ ಮೇಲೆಯೇ. ಓಣಿಯವರೆಲ್ಲ ಸೇರಿದ್ದರು. ತಕ್ಕಡಿ ಹಿಡಿದ ಜವಾನನೇ ಮೊದಲು ನಕ್ಕ. ಕೊನೆಗೆ ಸಾಹೇಬನೂ ನಗು ತಡೆಯಲಾರದೆ, "ಹೊಟ್ಟಿಗೆ ಲೆವಿ ಇಲ್ಲವ್ವಾ," ಎಂದು ಹೊರಟುಹೋದ. ನಮ್ಮ ಜೋಳ ನಮ್ಮಲ್ಲೇ ಉಳಿಯಿತು. ಅಂದಿನಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಊಟಕ್ಕೆ ಕೂತಾಗ ಅತ್ತೆ ನನ್ನ ತಾಟಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದಳು. "ನೀನು ಉಪಾಸ ಇದ್ದು ಅದರ ಹೊಟ್ಟಿ ಕೆಡಿಸಿದಿ. ನಾಳಿಂದ ಜ್ವಾಳ ನೀನು ತಿನ್ನು, ಹೊಟ್ಟು ಅದು ತಿನ್ನಲಿ."

ಮರುದಿನ ಓಣಿಯಲ್ಲಿ ಅವಳ ಕಥೆಯೇ ಬೇರೆ. "ನನ್ನ ಸೊಸಿ ಭಾಳ ಶಾಣ್ಯಾಕಿ. ಸಾಹೇಬ ಹಿಂಗ ಕೇಳ್ತಾನಂತ ತಿಳದು, ಮೊದಲಾ ಒಂದಕ್ಕ ಜ್ವಾಳ ತಿನಿಸಿ ಇಟ್ಟಿದ್ಲು." ನಾನೂ ತಲೆ ತಗ್ಗಿಸಿ ಒಪ್ಪಿಕೊಂಡೆ. ಪುಕ್ಕಟೆ ಬಂದ ಜಾಣೆಯ ಬಿರುದು ಯಾರು ಬಿಡುತ್ತಾರೆ ಹೇಳಿ? ಅತ್ತೆ ಹೋದಮೇಲೂ ಅದನ್ನು ಹೊತ್ತುಕೊಂಡೇ ತಿರುಗಿದೆ.

ಮೊನ್ನೆ ಮಾತ್ರ ಮೊಮ್ಮಗಳ ಮುಂದೆ ನಿಜ ಹೇಳಿಬಿಟ್ಟೆ. ಶಾಣ್ಯಾಕಿಯೂ ಅಲ್ಲ ಏನೂ ಅಲ್ಲ, ಒಂಟಿಯಾಗಿದ್ದೆ, ಒಂದು ಮೊಲವನ್ನು ಹಚ್ಚಿಕೊಂಡಿದ್ದೆ, ಅಷ್ಟೇ ಅಂತ. ಹುಡುಗಿ ತನ್ನ ಮೊಲವನ್ನು ಮಡಿಲಿಗೆ ಎತ್ತಿಕೊಂಡಳು.

"ಹಂಗಾದ್ರ ಶಾಣ್ಯಾಕಿ ನಿಮ್ಮತ್ತಿ. ನೀನು ಧೈರ್ಯದಾಕಿ ಅಜ್ಜಿ. ನೀನು ಹೊರಗ ಬರಲಿಲ್ಲಂದ್ರ ತಕ್ಕಡಿ ಎಲ್ಲಿ ತಗೀತಿದ್ರು?"

ಈ ಬಿರುದು ನನ್ನದೇ. ಯಾರಿಗೂ ಕೊಡುವುದಿಲ್ಲ.