ಮುಖಕ್ಕೆ ಕಳೆ ತರುವ ಬಣ್ಣದಮ್ಮ

ಬೆಳಗಿನ ಐದು ಗಂಟೆ. ಟಿವಿ ವಾಹಿನಿಯ ಕಟ್ಟಡದ ಎರಡನೇ ಮಹಡಿಯಲ್ಲಿ ಕಿಟಕಿಯಿಲ್ಲದ ಪುಟ್ಟ ಕೋಣೆ. ಕನ್ನಡಿಯ ಸುತ್ತ ಹತ್ತು ಬಲ್ಬುಗಳಿವೆ, ಮೂರು ಉರಿಯುವುದಿಲ್ಲ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವರು ದಿನಾ ಊರಿಗೆಲ್ಲ ಬುದ್ಧಿ ಹೇಳುವ ವಿಶ್ಲೇಷಕರು. ಅವರ ಕಣ್ಣ ಕೆಳಗಿನ ಕಪ್ಪನ್ನು ಸ್ಪಂಜಿನಿಂದ ಮರೆಸುತ್ತಿರುವವರನ್ನು ಇಲ್ಲಿ ಎಲ್ಲರೂ ‘ಬಣ್ಣದಮ್ಮ’ ಎನ್ನುತ್ತಾರೆ.

ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ಹದಿನಾಲ್ಕು ಮುಖ, ಮುಖಕ್ಕೆ ಹನ್ನೊಂದು ನಿಮಿಷ. ಕಾರ್ಯಕ್ರಮದ ಕೊನೆಗೆ ಓಡುವ ಹೆಸರುಗಳಲ್ಲಿ ಕೋಟು ಕೊಟ್ಟ ಅಂಗಡಿಯ ಹೆಸರಿದೆ, ಇವರದಿಲ್ಲ.

ವಿಶ್ಲೇಷಕರು ಎದ್ದುಹೋದ ಮೇಲೆ ಕೇಳುತ್ತೇನೆ: ಇವರೆಲ್ಲ ತಾವು ಹೇಳುವುದನ್ನು ತಾವೇ ನಂಬುತ್ತಾರಾ?

“ಕ್ಯಾಮೆರಾದ ಕೆಂಪು ದೀಪ ಹತ್ತಿದಾಗ ನಂಬ್ತಾರೆ ಸರ್. ಆಮೇಲೆ ನಾನು ಮುಖ ಒರೆಸ್ತೀನಲ್ಲ, ಹತ್ತಿಯಲ್ಲಿ ಅದೂ ಬಂದ್ಬಿಡುತ್ತೆ.”

ನನಗೆ ನಗು ಬರುತ್ತದೆ. ಅವರು ನಗುವುದಿಲ್ಲ. ಮೂರು ವರ್ಷಗಳ ಹಿಂದೆ ಇದೇ ವಿಶ್ಲೇಷಕರು, ಸಕ್ಕರೆ ಕಾಯಿಲೆಯ ಮಾತ್ರೆ ಶುದ್ಧ ಮೋಸ, ಕಸದ ಬುಟ್ಟಿಗೆ ಹಾಕಿ ಎಂದು ವಾರವಿಡೀ ಮೇಜು ಗುದ್ದಿ ಹೇಳಿದ್ದರು. ಬಣ್ಣದಮ್ಮನ ಅಕ್ಕ ಹಾಕಿಯೇಬಿಟ್ಟರು. ಅದೇ ವಾರ, ಇದೇ ಕುರ್ಚಿಯಲ್ಲಿ, ವಿಶ್ಲೇಷಕರು ಜೇಬಿನಿಂದ ಮಾತ್ರೆ ತೆಗೆದು ಬಣ್ಣದಮ್ಮನ ಬಾಟಲಿಯ ನೀರಿನಲ್ಲೇ ನುಂಗುತ್ತಿದ್ದರು. ಅಕ್ಕನಿಗೆ ಬಣ್ಣದಮ್ಮನೇ ತಂದುಕೊಡುತ್ತಿದ್ದ ಮಾತ್ರೆ ಅದು, ಗುರುತು ಸಿಗದೆ ಇರುತ್ತದೆಯೇ?

“ಕೇಳೇಬಿಟ್ಟೆ ಸರ್. ‘ಅದು ಕಾರ್ಯಕ್ರಮ ಕಣಮ್ಮ, ಇದು ಆರೋಗ್ಯ’ ಅಂದ್ರು. ಮನೆಗೆ ಹೋಗಿ ಅಕ್ಕಂಗೆ ಹೇಳಿದ್ರೆ, ‘ಅಷ್ಟು ಓದಿದೋರು ಹೇಳೋದು ಸುಳ್ಳು, ಬಣ್ಣ ಬಳಿಯೋ ನೀನು ಹೇಳೋದು ನಿಜಾನಾ?’ ಅಂದ್ಲು.”

ಅಕ್ಕನ ಕಾಲ್ಬೆರಳಿಗೆ ಆದ ಗಾಯ ಮಾಯಲಿಲ್ಲ. ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ವಿಶ್ಲೇಷಕರ ಕೂದಲೂ ಕೊಂಕಲಿಲ್ಲ, ಈಗ ಸಂಜೆಯ ಕಾರ್ಯಕ್ರಮವೂ ಅವರದೇ. ಇದನ್ನು ಬರೆಯುವಾಗ ನನ್ನ ಮೈ ಉರಿಯುತ್ತಿದೆ.

ಕೆಲಸ ಬಿಡಬೇಕು ಅನ್ನಿಸಲಿಲ್ಲವೇ?

“ಅನ್ನಿಸ್ತು. ನಾನು ಬಿಟ್ರೆ ಇನ್ನೊಬ್ಬಳು ಹಚ್ತಾಳೆ, ಅಷ್ಟೇ.”

ಈಗಲೂ ಅಕ್ಕ ಮಾತ್ರೆಯನ್ನು ನುಂಗದೆ ದಿಂಬಿನಡಿ ಬಚ್ಚಿಡುತ್ತಾರಂತೆ. ಟಿವಿ ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ. ಬಣ್ಣದಮ್ಮನ ಆಸೆ ದೊಡ್ಡದೇನಲ್ಲ, ಅಕ್ಕನ ಇನ್ನೊಂದು ಕಾಲು ಉಳಿದರೆ ಸಾಕು.

“ಟಿವಿ ಕಡೆ ಕೈ ತೋರಿಸಿ ನಂಗೇ ಹೇಳ್ತಾಳೆ ಸರ್, ‘ಆ ಮುಖದ ಕಳೆ ನೋಡೇ, ಸುಳ್ಳು ಹೇಳೋ ಮುಖಾನಾ ಅದು?’ ಅಂತ.”

ಬ್ರಷ್ ತೊಳೆದು ಒರೆಸಿಡುತ್ತಾರೆ. ಮುಂದಿನ ಮುಖ ಬಾಗಿಲಲ್ಲಿ ಕಾಯುತ್ತಿದೆ.

“ಆ ಕಳೆ ನಂದು ಸರ್. ಹನ್ನೊಂದೇ ನಿಮಿಷದಲ್ಲಿ ನಾನು ತರೋದು.”