ಯಾವಾಗಿನ ಹಸಿರು

ಕಚೇರಿಯಲ್ಲಿ ಅವಳಿಗೆ ‘ಕತ್ತರಿ’ ಎಂದೇ ಹೆಸರು. ಶಾಲೆಗಳೂ ಕ್ಲಿನಿಕ್ಕುಗಳೂ ಮೂಲೆಗೆ ಸೇರಿಸಿದ ಹಳೆಯ ಕಂಪ್ಯೂಟರುಗಳಿಗೆ ಮತ್ತೆ ಜೀವ ತುಂಬುವುದು ಅಲ್ಲಿನ ಕೆಲಸ. ಅವಳು ಜೀವ ತುಂಬುವ ರೀತಿ ಒಂದೇ: ಬೇಡದ್ದನ್ನೆಲ್ಲ ಕತ್ತರಿಸಿ ಹಾಕುವುದು. ಪರದೆಯ ಮೇಲಿನ ಚಿತ್ರ, ನೆರಳು, ಗುಂಡಿಗಳು, ಮೂಲೆಯಲ್ಲಿ ಟಿಂಗ್ ಎನ್ನುವ ಸೂಚನೆ, ಕೊನೆಗೆ ಗಡಿಯಾರ ಕೂಡ. ಯಾವ ಕಿಟಕಿ ಪರದೆಯಲ್ಲಿ ಎಲ್ಲಿ ಕೂರಬೇಕೆಂದು ನೋಡಿಕೊಳ್ಳುವ ವಿಂಡೋ ಮ್ಯಾನೇಜರನ್ನು ಅವಳೇ ಬರೆದಿದ್ದಳು. ಮಗುವಿಗೆ ಊಟ ಮಾಡಿಸುವಷ್ಟರಲ್ಲಿ ಅದರ ಕೋಡನ್ನು ಪೂರ್ತಿ ಓದಿ ಮುಗಿಸಬಹುದಿತ್ತು, ಅದೂ ಮಗು ಹಟ ಮಾಡದಿದ್ದರೆ.

“ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?” ಎನ್ನುತ್ತಿದ್ದಳು.

ಅವಳ ಕರಿಯ ಖಾಲಿ ಪರದೆ ನೋಡಿದಾಗಲೆಲ್ಲ ಗಂಡ ಕಾಡಿಸುತ್ತಿದ್ದ: “ಏನೇ ಇದು, ಬೋಳು ತಲೆ ಥರ? ಒಂದು ಜುಟ್ಟಾದ್ರೂ ಬಿಡಬಾರದಾ?”

ಕಂಪ್ಯೂಟರಿನಲ್ಲಿ ಏನನ್ನೂ ಉಳಿಸದವಳು ತನ್ನ ತಲೆಯೊಳಗಿನ ಒಂದು ಚಿಂತೆಯನ್ನೂ ಹೊರಗೆ ಹಾಕಲಾರಳು. ಮಗು ಕೆಮ್ಮಿದರೆ ಎದೆಯಲ್ಲಿ ಕಫ ಕಟ್ಟಿತೇನೋ ಎಂಬ ಭಯ. ಕೆಮ್ಮದೆ ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಬಳಿ ಬೆರಳು ಹಿಡಿಯುವುದು. ಹೀಗಿರುವಾಗ ಮಗುವಿಗೆಂದು ಹಾಕಿದ್ದ ರಜೆ ಮುಗಿದು, ಕೆಲಸಕ್ಕೆ ಬಾ ಇಲ್ಲವೇ ಬಿಡು ಎಂದು ಕಚೇರಿಯವರು ಹೇಳಿದರು. ಈಗಷ್ಟೇ ಓಡಾಡಲು ಕಲಿತ ಮಗ ಪುಟ್ಟನನ್ನು ನೋಡಿಕೊಳ್ಳಲು ಇದ್ದವರು ಅತ್ತೆ ಒಬ್ಬರೇ. ಅತ್ತೆ ಗಟ್ಟಿಮುಟ್ಟು. ಆದರೆ ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಹೋಗಿತ್ತು. ತುಟಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಫೋನಿನ ಗಾಜು ಅವರ ಒಣ ಬೆರಳಿನ ಮಾತು ಕೇಳುತ್ತಿರಲಿಲ್ಲ. ಕರೆ ಬಂದರೆ ಎತ್ತಲೂ ಆಗದು.

“ಇವತ್ತೊಂದು ದಿನ ನೋಡೋಣ” ಎಂದಿದ್ದ ಗಂಡ. “ಸರಿ ಹೋಗಲಿಲ್ಲ ಅಂದ್ರೆ ನೀನೇ ಕೆಲಸ ಬಿಟ್ಟುಬಿಡು.”

ಅದಕ್ಕೆಂದೇ ಅವಳು ಮನೆಯ ಹಳೆಯ ಲ್ಯಾಪ್‌ಟಾಪನ್ನು ಸಜ್ಜು ಮಾಡಿದ್ದಳು. ಎಲ್ಲ ಕೀಗಳನ್ನೂ ನಿಷ್ಕ್ರಿಯ ಮಾಡಿ ಎರಡನ್ನು ಮಾತ್ರ ಉಳಿಸಿ, ಅವಕ್ಕೆ ಬಣ್ಣದ ಕಾಗದ ಅಂಟಿಸಿದ್ದಳು. ಹಸಿರು ಒತ್ತಿದರೆ ಎಲ್ಲ ಸರಿ, ಕೆಂಪು ಒತ್ತಿದರೆ ಬೇಗ ಬಾ. ಅವಳ ಲ್ಯಾಪ್‌ಟಾಪಿನ ಪರದೆಯ ಅಂಚಿನಲ್ಲಿ ಒಂದು ತೆಳು ಪಟ್ಟಿ ಅದೇ ಬಣ್ಣಕ್ಕೆ ತಿರುಗುತ್ತಿತ್ತು. ಅತ್ತೆಯ ಕಡೆಯ ಪರದೆ ಮಾತ್ರ ಯಾವಾಗಲೂ ಕಪ್ಪು, ಮಲಗಿದ ಮಗುವಿನ ಕಣ್ಣಿಗೆ ಬೆಳಕು ಬೀಳಬಾರದಲ್ಲ!

ಆ ಬೆಳಿಗ್ಗೆ ಅವಳು ಒಂದು ಕ್ಲಿನಿಕ್ಕಿನ ಕಂಪ್ಯೂಟರು ಸಿದ್ಧ ಮಾಡಲು ಹೋದಳು. ಮೇಜಿನ ಪಕ್ಕದಲ್ಲೇ ತನ್ನ ಲ್ಯಾಪ್‌ಟಾಪ್ ತೆರೆದಿಟ್ಟಳು. ಪಟ್ಟಿ ಹಸಿರು. ಕೆಲಸದ ನಡುವೆ ನೋಡಿದಳು, ಹಸಿರು. ಕೈ ತೊಳೆದು ಬಂದು ನೋಡಿದಳು, ಹಸಿರೇ. ಬಹಳ ದಿನಗಳ ಮೇಲೆ ಭುಜ ಸಡಿಲವಾಯಿತು.

ಅಲ್ಲಿನ ಹಿರಿಯ ನರ್ಸಮ್ಮ ಚಹಾದ ಲೋಟ ಹಿಡಿದು ಬಂದು ಬಗ್ಗಿ ನೋಡಿದರು. “ಅಲ್ಲಮ್ಮ, ನಮ್ಮ ಕಂಪ್ಯೂಟರಲ್ಲಿ ಏನೂ ಇಲ್ವಲ್ಲ! ಎಲ್ಲಾ ತೊಳೆದು ಒಣಗೋಕೆ ಹಾಕಿದ್ಯಾ?”

“ಬೇಕಾದ್ದು ಮಾತ್ರ ಇದೆ ಮೇಡಂ.”

“ನಿಂದರಲ್ಲಿ ಆ ಹಸಿರು ಗೀಟು ಏನು?”

“ಮನೇಲಿ ಅತ್ತೆ ಒತ್ತೋದು. ಮಗು ಚೆನ್ನಾಗಿದೆ ಅಂತ.”

“ಓಹೋ. ಯಾವಾಗ ಒತ್ತಿದ್ದು?”

ಅವಳು ಪಟ್ಟಿಯ ಪಕ್ಕ ಸಮಯ ಹುಡುಕಿದಳು. ಗಡಿಯಾರವನ್ನು ಅವಳೇ ಕತ್ತರಿಸಿದ್ದಳು. ಕೊನೆಗೆ ಬಂದ ಬಣ್ಣವನ್ನು ಪಟ್ಟಿ ಹಿಡಿದುಕೊಂಡು ಕೂರುತ್ತಿತ್ತು, ಅಷ್ಟೆ. ಇದು ಈಗ ತಾನೇ ಬಂದ ಹಸಿರೋ, ಅವಳು ಮನೆಯ ಹೊಸ್ತಿಲು ದಾಟುವಾಗ ಅತ್ತೆ ಒತ್ತಿದ ಹಸಿರೋ? ಮನೆಯ ಯಂತ್ರ ಸತ್ತೇ ಹೋಗಿದ್ದರೂ ಇಲ್ಲಿ ಎಲ್ಲ ಸರಿ!

ತನ್ನ ಲ್ಯಾಪ್‌ಟಾಪಿನಿಂದಲೇ ಅತ್ತೆಯ ಕಂಪ್ಯೂಟರಿಗೆ ಒಂದು ಸಂದೇಶ ಕಳಿಸಿ ನೋಡಿದಳು. ಅದು ಉತ್ತರಿಸಲಿಲ್ಲ. ಇನ್ನೊಮ್ಮೆ. ಇಲ್ಲ. ಅತ್ತೆಯ ಫೋನಿಗೆ ಮಾಡಿದಳು, ರಿಂಗಾಗಿ ರಿಂಗಾಗಿ ನಿಂತಿತು. ಗಂಡನ ಫೋನು ಕಾರ್ಖಾನೆಯ ಲಾಕರಿನಲ್ಲಿ ಬಿದ್ದಿರುತ್ತದೆ.

“ಹೋಗಮ್ಮ, ಹೋಗು, ಇದನ್ನ ನಾಳೆ ಮಾಡು” ಎಂದು ನರ್ಸಮ್ಮ ಅವಳ ಚೀಲವನ್ನು ಹೆಗಲಿಗೆ ಏರಿಸಿದರು.

ಆಟೋದಲ್ಲಿ ಕೂತವಳ ಮನಸ್ಸು ಕೆಟ್ಟದ್ದನ್ನೇ ಸಾಲಾಗಿ ತಂದು ನಿಲ್ಲಿಸಿತು. ಒಲೆ. ಮೆಟ್ಟಿಲು. ನುಂಗಿದ ನಾಣ್ಯ. ಬಚ್ಚಲಿನ ತುಂಬಿದ ಬಕೆಟ್ಟು. ಬಕೆಟ್ಟು ಖಾಲಿ ಮಾಡಿದೆನಾ? ನೆನಪಾಗಲಿಲ್ಲ. “ಸ್ವಲ್ಪ ಬೇಗ ಹೋಗಿ ಅಣ್ಣಾ” ಎಂದಳು. “ಸಿಗ್ನಲ್ ನನ್ನ ಮಾವನ ಮನೇದಲ್ಲಮ್ಮ” ಎಂದ ಚಾಲಕ, ಕನ್ನಡಿಯಲ್ಲಿ ಅವಳ ಮುಖ ಕಂಡದ್ದೇ ಬಾಯಿ ಮುಚ್ಚಿ ಅಡ್ಡದಾರಿಗೆ ತಿರುಗಿಸಿದ.

ಮನೆಯ ಬಾಗಿಲು ಹಾರು ಹೊಡೆದಿತ್ತು. ನೆಲದ ತುಂಬ ನೀರು. ಒಳಗಿನಿಂದ ಠಣ್ ಠಣ್ ಎಂಬ ಸದ್ದು.

ಬಚ್ಚಲಿನ ಬಾಗಿಲಿಗೆ ಒರಗಿ ಅತ್ತೆ ಕೂತಿದ್ದರು. ಸೀರೆ ನೆನೆದು ತೊಪ್ಪೆಯಾಗಿತ್ತು. ಮಡಿಲಲ್ಲಿ ಪುಟ್ಟ ನೆಗ್ಗಿದ ತಟ್ಟೆಯೊಂದನ್ನು ಸೌಟಿನಿಂದ ಬಡಿಯುತ್ತಿದ್ದ. ಮೇಲಿನ ಮನೆಯ ಟೈಲರ್ ಕಿತ್ತ ಚಿಲಕ ಹಿಡಿದು ನಿಂತಿದ್ದರು.

“ಒಳಗೆ ಹೋಗಿ ಚಿಲಕ ಹಾಕ್ಕೊಂಡುಬಿಟ್ಟಿದ್ದ ನಿಮ್ಮ ಸಾಹೇಬ” ಎಂದರು ಟೈಲರ್. “ಬಕೆಟ್ ಮಗುಚಿಕೊಂಡು ಹೋ ಅಂತಿದ್ದ. ನಿಮ್ಮತ್ತೆ ಕಿಟಕೀಲಿ ನಿಂತು ತಟ್ಟೆ ಬಡಿದ್ರು ನೋಡಿ, ಇಡೀ ಬೀದಿ ಹೊರಗೆ ಬಂತು. ದನಿ ಇಲ್ಲ ಅಂದೋರು ಯಾರಮ್ಮ?”

ಅವಳು ಪುಟ್ಟನನ್ನು ಬಾಚಿ ತಬ್ಬಿಕೊಂಡಳು. ಅವನಿಗೆ ಸೌಟು ಕೈತಪ್ಪಿದ್ದಕ್ಕೆ ಕೋಪ ಬಂದು ಅಳು ಶುರುವಾಯಿತು. ಆ ಅಳು ಕೇಳಿ ಅವಳಿಗೆ ಉಸಿರು ಬಂತು.

ಅತ್ತೆ ಎದ್ದು, ಅವಳ ಕೈಹಿಡಿದು ಲ್ಯಾಪ್‌ಟಾಪಿನ ಮುಂದೆ ನಿಲ್ಲಿಸಿ ಕೆಂಪು ಕೀಯನ್ನು ಒತ್ತಿದರು. ಮತ್ತೆ ಮತ್ತೆ ಒತ್ತಿದರು. ಒತ್ತಿ ಒತ್ತಿ ಕಾಯುತ್ತಿದ್ದೆ ಎಂದಿತು ಆ ಬೆರಳು. ಪರದೆ ಕಪ್ಪು. ಅವಳು ಬಗ್ಗಿ ನೋಡಿದಳು. ಚಾರ್ಜರಿನ ವೈರು ಗೋಡೆಯಿಂದ ಕಿತ್ತು ಬಿದ್ದಿತ್ತು, ತುದಿಯಲ್ಲಿ ಪುಟ್ಟನ ಹಲ್ಲಿನ ಗುರುತು. ಬ್ಯಾಟರಿ ಹೋಗಿ ಎಷ್ಟೋ ಕಾಲವಾದ ಯಂತ್ರ ಅದು. ಸತ್ತಾಗಲೂ ಕಪ್ಪು, ಬದುಕಿದ್ದಾಗಲೂ ಕಪ್ಪು. ಅತ್ತೆಗೆ ತಿಳಿಯುವುದಾದರೂ ಹೇಗೆ?

“ತಪ್ಪು ನಂದೇ ಅತ್ತೆ. ನಾಳೆಯಿಂದ ಹೋಗಲ್ಲ ನಾನು.”

ಅತ್ತೆಯ ತುಟಿ ನಿಧಾನವಾಗಿ ಆಡಿತು. *ಹೋಗು.* ಆಮೇಲೆ ಅಂಗೈಯನ್ನು ತಮ್ಮ ಎದೆಯ ಮೇಲಿಟ್ಟು, ಡಬ್ ಡಬ್ ಎಂದು ತಟ್ಟಿಕೊಂಡು, ಪರದೆಯ ಕಡೆ ಬೆರಳು ಮಾಡಿದರು.

ಸಂಜೆ ಅವಳು ಕತ್ತರಿ ಬದಿಗಿಟ್ಟು ಹೊಲಿಯಲು ಕೂತಳು. ಅತ್ತೆಯ ಪರದೆಯ ಮೂಲೆಯಲ್ಲಿ ಒಂದು ಮಂದ ಚುಕ್ಕೆ, ಎದೆಬಡಿತದಂತೆ ಹೊತ್ತಿ ಆರುವುದು. ಕೀ ಒತ್ತಿದ್ದು ತಲುಪಿದರೆ ಆ ಚುಕ್ಕೆ ಒಂದು ಗಳಿಗೆ ಅದೇ ಬಣ್ಣಕ್ಕೆ ತಿರುಗುವುದು. ಅವಳ ಪಟ್ಟಿಯಲ್ಲಿ ಹಸಿರಿನ ಪಕ್ಕ, ಅದು ಬಂದು ಎಷ್ಟು ಹೊತ್ತಾಯಿತೆಂಬ ಅಂಕಿ. ಆ ಕಡೆಯಿಂದ ಸುದ್ದಿ ನಿಂತರೆ ಪಟ್ಟಿ ತಾನಾಗಿಯೇ ಬೂದು. ಗಂಡ ಬಚ್ಚಲಿನ ಚಿಲಕವನ್ನು ಎತ್ತರಕ್ಕೆ ಹೊಡೆದು, ಪ್ಲಗ್ಗಿನ ಮುಂದೆ ಕಬ್ಬಿಣದ ಪೆಟ್ಟಿಗೆ ಎಳೆದಿಟ್ಟ. ಪರದೆಯತ್ತ ಇಣುಕಿ, “ಅಂತೂ ಜುಟ್ಟು ಬಂತು” ಎಂದ. ನಗಲು ಅವನಿಗೂ ಆಗಲಿಲ್ಲ.

ಮರುದಿನ ಚೀಲ ಹೆಗಲಿಗೇರಿಸಿ ಅವಳು ಬೀದಿಯ ತಿರುವಿನವರೆಗೆ ಹೋದಳು. ಕಾಲು ಅಲ್ಲೇ ಕಚ್ಚಿಕೊಂಡಿತು. ಅಲ್ಲೇ ಒಂದು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ಹಸಿರು, ಈಗ ತಾನೇ ಬಂದದ್ದು. ಅವಳಿಗೆ ಅದೂ ಸಾಲಲಿಲ್ಲ. ತಿರುಗಿ ಮನೆಯ ಕಿಟಕಿಯತ್ತ ನೋಡಿದಳು.

ಕಿಟಕಿಯ ಸರಳಿಗೆ ಆ ನೆಗ್ಗಿದ ತಟ್ಟೆ ತೂಗುತ್ತಿತ್ತು. ಅದರ ಹಿಂದೆ ಅತ್ತೆ, ಸೊಂಟದ ಮೇಲೆ ಪುಟ್ಟ. ಅವಳು ನಿಂತದ್ದನ್ನು ಕಂಡು ಅತ್ತೆ ಸೌಟೆತ್ತಿ ಒಂದೇ ಒಂದು ಸಲ ಬಾರಿಸಿದರು.

ಠಣ್.

ಅವಳು ಲ್ಯಾಪ್‌ಟಾಪ್ ಮುಚ್ಚಿ ಬಸ್ಸಿಗೆ ಓಡಿದಳು.