ಇಸೊಗಾಯ್ ಶಿಫಾರಸು ಮಾಡಿದ ಹತ್ತು ಹಾಡುಗಳು

ನುಮಾಜು ಬಂದರಿಗೆ ಹೋಗುವ ಅಂಗಡಿ ಬೀದಿಯಲ್ಲಿ ಇಸೊಗಾಯ್ ನೊರಿತಾಕನ ಲಾಂಡ್ರಿಯಿದೆ. ಅವನಿಗೆ ಹೆಸರು ಬಂದದ್ದು ಇಸ್ತ್ರಿಯಿಂದಲ್ಲ, ಅರಿಗಾ ಶೋಜಿಯ ಹಾಡುಗಳಿಂದ. ಅರಿಗಾ ಆ ಊರಿನಲ್ಲೇ ಹುಟ್ಟಿ ಬೆಳೆದವನು, ತಾನೇ ಬರೆದು ತಾನೇ ರಾಗ ಹಾಕಿ ಹಾಡುವವನು. ಎಂಬತ್ತರ ದಶಕದಲ್ಲಿ ಸಮುದ್ರ, ಕಾರು, ಟೋಕಿಯೊದ ದೀಪಗಳು ಎಂದು ಅವನು ಹಾಡಿದ್ದೆಲ್ಲ ಮನೆಮನೆಯಲ್ಲೂ ಕೇಳುತ್ತಿತ್ತು. ಆಮೇಲೆ ಜನ ಮರೆತರು. ಅವನಿಗೆ ಎಪ್ಪತ್ತು ದಾಟಿದ ಮೇಲೆ ಯಾವ ಯಾವುದೋ ದೇಶದ ಹುಡುಗರು ಇಂಟರ್ನೆಟ್ಟಿನಲ್ಲಿ ಆ ಹಾಡುಗಳನ್ನು ಹುಡುಕಿ ಕೇಳತೊಡಗಿದಾಗ ಊರಿಗೂ ಅವನ ನೆನಪಾಯಿತು. ಇಸೊಗಾಯ್ ಮಾತ್ರ ಒಂದು ದಿನವೂ ಮರೆತವನಲ್ಲ. ಯಾವ ರೆಕಾರ್ಡು ಯಾವ ವರ್ಷದ್ದು, ಅದರಲ್ಲಿ ಬೇಸ್ ಗಿಟಾರು ನುಡಿಸಿದವರು ಯಾರು ಎಂದು ಕೇಳಿದರೆ ಬಟ್ಟೆಯ ಚೀಟಿ ಹರಿಯುತ್ತಲೇ ಹೇಳಿಬಿಡುತ್ತಿದ್ದ.

ಹೀಗಾಗಿ, ನವೆಂಬರಿನಲ್ಲಿ ಪುರಭವನದಲ್ಲಿ ಅರಿಗಾನ ಕಾರ್ಯಕ್ರಮ ಎಂದು ಗೊತ್ತಾದಾಗ, ಬೀದಿಯ ಸಂಘದವರು ನೇರ ಅವನ ಬಳಿಗೆ ಬಂದರು. ಮೊದಲ ಸಲ ಕೇಳುವವರಿಗಾಗಿ ಹತ್ತು ಹಾಡುಗಳನ್ನು ಆರಿಸಿ, ಒಂದೊಂದಕ್ಕೂ ನಾಲ್ಕು ಸಾಲು ಬರೆದುಕೊಡಬೇಕು, ಕಾರ್ಯಕ್ರಮದ ದಿನ ಅಚ್ಚುಹಾಕಿಸಿ ಹಂಚುತ್ತೇವೆ ಎಂದರು. ಇಸೊಗಾಯ್ ಹಿಗ್ಗಿಹೋದ.

ಬರೆಯಲು ಕೂತಾಗ ಪೆನ್ನು ಓಡಲಿಲ್ಲ. ಇಸವಿ ಬಂತು, ಸ್ಟುಡಿಯೋದ ಹೆಸರು ಬಂತು. ಈ ಹಾಡನ್ನು ಯಾಕೆ ಕೇಳಬೇಕು ಎಂಬಲ್ಲಿಗೆ ಬಂದರೆ ಏನೂ ಹೊಳೆಯದು. ನಲವತ್ತು ವರ್ಷ ಪ್ರೀತಿಸಿದ ಹಾಡುಗಳ ಬಗ್ಗೆ ತನಗೆ ಹೇಳಲು ಏನೂ ಇಲ್ಲ ಎಂದು ತಿಳಿದು ಅವನು ಬೆಚ್ಚಿದ. ಆಗ ನೆನಪಾದದ್ದು ಮಿನೆಕೊಳ ಮಾತು.

ಕುರಾಮೊಚಿ ಮಿನೆಕೊ ಅವನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದಳು. ಒಳಗೆ ಕ್ಯಾಸೆಟ್ಟು ಓಡುತ್ತಿದ್ದರೆ ಅಂಗಿಯ ಕಾಲರು ತಿರುವುತ್ತ ತನ್ನಷ್ಟಕ್ಕೆ ಏನಾದರೂ ಅನ್ನುತ್ತಿದ್ದಳು. "ಇದರಲ್ಲಿ ನಗು ಇದೆ, ಆದ್ರೆ ನಗೋನು ಒಬ್ನೇ," ಎಂದು ಒಂದು ಹಾಡಿಗೆ. ಇಸೊಗಾಯ್ ಹೂಂಗುಟ್ಟಿ ಸುಮ್ಮನಾಗುತ್ತಿದ್ದ. ಈಗ ಅದರಲ್ಲಿ ಒಂದು ವಾಕ್ಯವನ್ನು ಕಾಗದಕ್ಕೆ ಇಳಿಸಿದ. ಚೆನ್ನಾಗಿ ಕಂಡಿತು. ಇನ್ನೊಂದನ್ನು ಇಳಿಸಿದ. ಹತ್ತನೆಯ ಹಾಡಿಗೆ ಬರುವ ಹೊತ್ತಿಗೆ ಅವನದೆಂದು ಉಳಿದದ್ದು ಇಸವಿಗಳು ಮಾತ್ರ. ಕೆಳಗೆ ತನ್ನ ಹೆಸರು ಬರೆದ. ಕೆಲಸ ಮಾಡುತ್ತ ಆಡಿದ ಮಾತು, ಅದು ಯಾರ ಸ್ವತ್ತು ಎಂದು ಸಮಾಧಾನ ಹೇಳಿಕೊಂಡ. ಕರಡನ್ನು ಅವಳಿಗೆ ಮಾತ್ರ ತೋರಿಸಲಿಲ್ಲ.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ. ಮಿನೆಕೊಗೆ ಟಿಕೆಟು ಕೊಡಿಸಿದವನೂ ಇಸೊಗಾಯ್‌ನೇ. ಅವಳು ಅವನಿಗಿಂತ ನಾಲ್ಕು ಸಾಲು ಹಿಂದೆ, ಕಂದು ಕೋಟು ತೊಟ್ಟು ಕೂತಿದ್ದಳು.

ಐದು ಹಾಡಾದ ಮೇಲೆ ಅರಿಗಾ ಗಿಟಾರನ್ನು ಪಕ್ಕಕ್ಕಿಟ್ಟು, ಸಂಘದವರು ಬಾಗಿಲಲ್ಲಿ ಹಂಚಿದ್ದ ಹಾಳೆಯನ್ನು ಜೇಬಿನಿಂದ ತೆಗೆದ. ಕನ್ನಡಕ ಏರಿಸಿ ಓದಿದ: "'ಬಂದರಿನ ದಾರಿ, ಏಳು ಗಂಟೆ' ಎಂಬ ಹಾಡು. ಇದನ್ನು ಎಲ್ಲರೂ ಕಾರು ಓಡಿಸುತ್ತ ಕೇಳುತ್ತಾರೆ. ಆದರೆ ಈ ಹಾಡಿನಲ್ಲಿ ಕಾರು ಓಡುವುದಿಲ್ಲ. ಅವಳ ಮನೆಯ ಮುಂದೆ ನಿಂತಿದೆ. ಅವನು ಇಳಿಯುವುದೂ ಇಲ್ಲ, ಇಂಜಿನ್ ಆರಿಸುವುದೂ ಇಲ್ಲ."

ಅವನು ಕನ್ನಡಕ ಕೆಳಗಿಳಿಸಿದ. "ಈ ಹಾಡು ಬರೆದು ನಲವತ್ತೆರಡು ವರ್ಷ ಆಯ್ತು," ಎಂದ ಅರಿಗಾ. "ಕಾರು ನಿಂತಿದೆ ಅಂತ ಇವತ್ತಿನವರೆಗೆ ಯಾರೂ ಹೇಳಿರ್ಲಿಲ್ಲ. ಈ ಸಾಲು ಬರೆದ ಇಸೊಗಾಯ್ ಅವರು ಇಲ್ಲಿದ್ರೆ ದಯವಿಟ್ಟು ಎದ್ದು ನಿಲ್ಲಿ."

ಇಸೊಗಾಯ್‌ನ ಕಿವಿ ಕಾದುಹೋಯಿತು. ಸಂಘದ ಅಧ್ಯಕ್ಷ ಪಕ್ಕದಿಂದ ತಿವಿದ. ಅವನು ಎದ್ದ. ಸಭೆಯತ್ತ ತಿರುಗಿ ವಂದಿಸಲು ಬಗ್ಗುವಾಗ ಕಂದು ಕೋಟು ಕಂಡಿತು. ಮಿನೆಕೊ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು.

ಆಗಲೇ ನಿಜ ಹೇಳಬಹುದಿತ್ತು. ಮುಗಿದ ಮೇಲೆ ವೇದಿಕೆಯ ಹಿಂದೆ ಇನ್ನೊಂದು ಅವಕಾಶವೂ ಸಿಕ್ಕಿತು. ಅರಿಗಾ ಅವನ ಎರಡೂ ಕೈ ಹಿಡಿದು, ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದ. ಇಸೊಗಾಯ್‌ನ ಬಾಯಿಂದ ಬಂದದ್ದು ಇನ್ನೊಂದು ಸುಳ್ಳು.

"ನಾನೂ ಒಂದ್ಸಲ ಹಾಗೇ ನಿಂತಿದ್ದೆ."

ಮುದುಕ ತಲೆಯಾಡಿಸಿದ, ಕಣ್ಣು ಒದ್ದೆಯಾಯಿತು. ಇಸೊಗಾಯ್‌ಗೆ ಕಾರು ಓಡಿಸಲು ಬರುತ್ತಲೇ ಇರಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮನೆಗೆ ಹೋಗಿ ಹೆಂಡತಿ ಬಡಿಸಿದ ಒಣಮೀನನ್ನು ಮುಟ್ಟದೆ ಎದ್ದ. ಸಂತೋಷಕ್ಕೆ ಹಸಿವೆಯೇ ಇಲ್ಲ ಪಾಪ ಎಂದು ಅವಳು ನಕ್ಕಳು.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವನು ಮಿನೆಕೊಳ ಇಸ್ತ್ರಿ ಮೇಜಿನ ಮುಂದೆ ನಿಂತು, ಕ್ಷಮೆ ಕೇಳಿ, ಸೊಂಟ ಬಾಗುವಷ್ಟು ತಲೆ ಬಗ್ಗಿಸಿದ. ಬಗ್ಗಿಸಿದ್ದನ್ನು ಎತ್ತಲಿಲ್ಲ. ಮಿನೆಕೊ ಉಗಿಯ ಕೊಳವೆ ಮುಚ್ಚಿದಳು.

"ಏಳಿ ಯಜಮಾನ್ರೇ, ಸೊಂಟ ಹಿಡ್ಕೊಳುತ್ತೆ. ನಿನ್ನೆ ಬಾಗಿಲಲ್ಲಿ ಹಾಳೆ ಕೈಗೆ ಕೊಟ್ಟಾಗ್ಲೇ ಗೊತ್ತಾಯ್ತು ನಂಗೆ."

"ಮತ್ತೆ ಚಪ್ಪಾಳೆ ಯಾಕೆ ತಟ್ಟಿದ್ರಿ?"

"ಅವರ ಬಾಯಲ್ಲಿ ನನ್ ಮಾತು ಕೇಳಿದ್ನಲ್ಲ, ಅದಕ್ಕೆ."

ವೇದಿಕೆಯ ಹಿಂದೆ ಆಡಿದ ಸುಳ್ಳನ್ನೂ ಅವನು ಬಾಯಿಬಿಟ್ಟ. ಅವಳು ಒಂದು ಅಂಗಿಯ ತೋಳನ್ನು ಸುಮ್ಮನೆ ಸವರುತ್ತಿದ್ದಳು.

"ಅದು ನೀವು ಹೇಳ್ಬಾರದಿತ್ತು," ಎಂದಳು. "ಮದುವೆಗೆ ಮುಂಚೆ ಒಂದ್ಸಲ ನಮ್ಮನೆ ಮುಂದೆ ಹಾಗೇ ಕಾರು ನಿಂತಿತ್ತು. ನಾನು ಮಹಡಿ ಮೇಲಿದ್ದೆ, ಪರದೆ ಹಿಂದೆ. ಇಂಜಿನ್ ಸದ್ದು ಕೇಳ್ತಾನೇ ಇತ್ತು. ಇಳಿದು ಹೋಗ್ಲಿಲ್ಲ."

ಅವಳ ಮಾತನ್ನಷ್ಟೇ ಕದ್ದೆ ಎಂದುಕೊಂಡಿದ್ದ ಇಸೊಗಾಯ್ ಅಲ್ಲೇ ಬಟ್ಟೆಯ ಬುಟ್ಟಿಯ ಮೇಲೆ ಕುಸಿದು ಕೂತ. ಬೀದಿಯ ಮಾಸಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸುತ್ತೇನೆ, ನಿಮ್ಮ ಹೆಸರು ದೊಡ್ಡದಾಗಿ ಬರಲಿ ಎಂದ. ಅವಳು ಬೇಡವೇ ಬೇಡ ಎಂದಳು.

"ನಮ್ಮನೆಯವ್ರು ಆ ಪತ್ರಿಕೆನ ಒಂದಕ್ಷರ ಬಿಡದೆ ಓದ್ತಾರೆ. ಅವರ ಹತ್ರ ಯಾವತ್ತೂ ಕಾರಿರ್ಲಿಲ್ಲ. ನಾನೇನಂತ ಹೇಳ್ಲಿ?"

ಹೀಗೆ ಆ ಸುಳ್ಳನ್ನು ಇಳಿಸಲು ಅವನಿಗೆ ಜಾಗವೇ ಇಲ್ಲವಾಯಿತು. ಗಿರಾಕಿಗಳು ಕೋಟು ತೆಗೆದುಕೊಳ್ಳಲು ಬಂದಾಗ ಆ ಹಾಡಿನ ಮಾತೆತ್ತುತ್ತಿದ್ದರು. ಅದು ನನ್ನದಲ್ಲ, ಯಾರೋ ಹೇಳಿದ್ದು ಎಂದು ಅವನು ಅಂದರೆ ಎಂಥ ವಿನಯ ಎಂದು ಇನ್ನಷ್ಟು ಹೊಗಳುತ್ತಿದ್ದರು. ಒಳಗೆ ಮಿನೆಕೊಳ ಇಸ್ತ್ರಿಯ ಸದ್ದು ನಿಲ್ಲುತ್ತಿರಲಿಲ್ಲ. ಅದು ನಿಲ್ಲದಿರುವುದೇ ಅವನನ್ನು ಹೆಚ್ಚು ಕುಗ್ಗಿಸುತ್ತಿತ್ತು.

ಹೊಸ ವರ್ಷಕ್ಕೆ ಮುಂಚೆ ಅವನು ಅರಿಗಾನಿಗೆ ಒಂದು ಪತ್ರ ಬರೆದ. ಆ ಮಾತುಗಳು ನನ್ನವಲ್ಲ, ನಾನು ಯಾರ ಮನೆಯ ಮುಂದೆಯೂ ನಿಂತವನಲ್ಲ, ಅವನ್ನು ಆಡಿದವರ ಹೆಸರು ಹೇಳುವ ಹಕ್ಕು ನನಗಿಲ್ಲ ಎಂದು ಮೂರೇ ಸಾಲು. ಅಂಚೆಗೆ ಹಾಕುವ ಮೊದಲು ಮಿನೆಕೊಗೆ ತೋರಿಸಿದ. ಅವಳು ಓದಿ, ಒಂದು ಅಕ್ಷರ ತಪ್ಪಿದ್ದನ್ನು ತಿದ್ದಿ ಕೊಟ್ಟಳು.

ಉತ್ತರ ಬರಲಿಲ್ಲ. ಬರಬೇಕೆಂದು ಇಸೊಗಾಯ್ ಕಾಯಲೂ ಇಲ್ಲ. ವಸಂತದಲ್ಲಿ ಸಂಘದವರು ಇನ್ನೊಬ್ಬ ಗಾಯಕನ ಹತ್ತು ಹಾಡು ಬರೆದುಕೊಡಿ ಎಂದು ಬಂದಾಗ, ನನಗೆ ಇಸವಿಗಳು ಮಾತ್ರ ಗೊತ್ತು, ಬೇಕಿದ್ದರೆ ಅದನ್ನು ಕೊಡುತ್ತೇನೆ ಎಂದು ಹೇಳಿ ಕಳಿಸಿದ.